ಈಸ್ಟ್ ಸೀಕ್ವೆನ್ಸಿಂಗ್ ಸರ್ವಿಸ್: ಅಕ್ಷರ ತಗೊಳ್ಳಿ, ಮರ ಬಿಡಿ

ಡಿಎನ್‌ಎ ಅಕ್ಷರಗಳನ್ನು ಓದಿಸಲು (ಅದೇ ಸೀಕ್ವೆನ್ಸಿಂಗ್), ವಂಶವೃಕ್ಷ ಮಾಡಿಸಲು ಬೆಂಗಳೂರಿನ ಒಂದು ಖಾಸಗಿ ಲ್ಯಾಬಿಗೆ ನಮ್ಮ ಕಾಲೇಜಿನಿಂದ ಈಸ್ಟ್ ಸ್ಯಾಂಪಲ್ ಕಳಿಸಿದ್ದೆವು. ಲ್ಯಾಬಿನ ಹೆಸರು ಹೇಳುವುದಿಲ್ಲ. ಅವರ ಅರ್ಧ ಕೆಲಸ ತುಂಬಾ ಚೆನ್ನಾಗಿತ್ತು. ಉಳಿದರ್ಧಕ್ಕೆ ಕೊಟ್ಟ ದುಡ್ಡು ದಂಡ.

ನಾನು ಚಿಕ್ಕಬಳ್ಳಾಪುರದಲ್ಲಿ ಮೈಕ್ರೋಬಯಾಲಜಿ ಪಾಠ ಮಾಡುತ್ತೇನೆ. ಇಲ್ಲಿನ ಬೆಂಗಳೂರು ಬ್ಲೂ ದ್ರಾಕ್ಷಿಯ ಸಿಪ್ಪೆ ಮೇಲೆ ಯಾವ ಈಸ್ಟ್‌ಗಳಿವೆ, ಅವು ಒಂದಕ್ಕೊಂದು ಎಷ್ಟು ಹತ್ತಿರ ಅಂತ ನೋಡುವುದು ಮಕ್ಕಳ ಪ್ರಾಜೆಕ್ಟ್. ಹಣ್ಣಿನ ಮೇಲಿನ ಬಿಳಿ ಪುಡಿಯೇ ಈಸ್ಟ್ ಅಂತ ತುಂಬಾ ಜನ ನಂಬಿದ್ದಾರೆ. ಅದು ಮೇಣ ಅಷ್ಟೇ. ವೈನ್ ಮಾಡುವ ಸ್ಯಾಕರೋಮೈಸಿಸ್ ಸೆರೆವಿಸಿಯೆ ಸಿಪ್ಪೆ ತುಂಬಾ ಇರುತ್ತದೆ ಅನ್ನುವುದೂ ಸುಳ್ಳು. ಒಡೆಯದ ಹಣ್ಣಿನ ಮೇಲೆ ಅದು ಅಪರೂಪ. ಅಲ್ಲಿ ಜಾಸ್ತಿ ಸಿಗುವುದು ಎರಡೂ ತುದಿ ಚೂಪಾಗಿರುವ ಹ್ಯಾನ್ಸೇನಿಯಾಸ್ಪೋರಾ.

ನಾವು ಕೇಳಿದ್ದು 26ಎಸ್ ರೈಬೋಸೋಮ್ ಜೀನಿನ ಡಿ1/ಡಿ2 ಭಾಗ. ಸುಮಾರು 600 ಅಕ್ಷರ. ಈಸ್ಟ್ ಗುರುತಿಸುವವರು ಮೊದಲು ಓದಿಸುವ ತುಂಡುಗಳಲ್ಲಿ ಇದೂ ಒಂದು. 1998ರಲ್ಲಿ ಕರ್ಟ್ಜ್‌ಮನ್ ಮತ್ತು ರಾಬ್ನೆಟ್ ಸುಮಾರು 500 ಜಾತಿಯ ಈಸ್ಟ್‌ಗಳಲ್ಲಿ ಈ ಭಾಗವನ್ನು ಹೋಲಿಸಿ ಒಂದು ಅಂದಾಜು ಕೊಟ್ಟರು: ಮೂರು ಅಕ್ಷರದವರೆಗೆ ವ್ಯತ್ಯಾಸ ಇದ್ದರೆ ಸಾಮಾನ್ಯವಾಗಿ ಒಂದೇ ಜಾತಿ, ಆರು ಅಥವಾ ಹೆಚ್ಚು ಇದ್ದರೆ ಬೇರೆ ಜಾತಿ. ಎಲ್ಲ ಕಡೆ ಇದು ನಡೆಯಲ್ಲ, ಆದರೆ ಶುರು ಮಾಡಲು ಸಾಕು.

ಮೊದಲು ಹೊಗಳಿಕೆ. ಬೇಸಿಗೆಯಲ್ಲಿ ಕೊರಿಯರ್ ನಂಬದೆ ಮಕ್ಕಳೇ ಈಸ್ಟ್ ಬೆಳೆಸಿದ ಪ್ಲೇಟುಗಳನ್ನು ಬಸ್ಸಿನಲ್ಲಿ ತಗೊಂಡು ಹೋಗಿ ಕೊಟ್ಟರು. ಕೌಂಟರಿನಲ್ಲಿದ್ದ ಹುಡುಗ ಪ್ರತಿ ಪ್ಲೇಟನ್ನೂ ತೆಗೆದು ನೋಡಿ ನಂಬರ್ ಬರೆದುಕೊಂಡನಂತೆ. ಈಸ್ಟ್‌ನ ಗೋಡೆ ಗಟ್ಟಿ, ಡಿಎನ್‌ಎ ಸುಲಭವಾಗಿ ಹೊರಗೆ ಬರಲ್ಲ. ಒಂದು ಸ್ಯಾಂಪಲ್‌ನಲ್ಲಿ ಪಿಸಿಆರ್ (ಬೇಕಾದ ಡಿಎನ್‌ಎ ತುಂಡಿನ ಪ್ರತಿಗಳನ್ನು ಮಾಡುವುದು) ಆಗಲಿಲ್ಲ. ಬಿಲ್ ಹಾಕುವ ಮೊದಲೇ ಫೋನ್ ಮಾಡಿ ತಿಳಿಸಿದರು. ಆಮೇಲೆ ಗಾಜಿನ ಮಣಿ ಹಾಕಿ ಕುಲುಕಿ ಮತ್ತೆ ಡಿಎನ್‌ಎ ತೆಗೆದರು, ಅದಕ್ಕೆ ಚಾರ್ಜ್ ಮಾಡಲಿಲ್ಲ. ಎರಡೂ ಕಡೆಯಿಂದ ಓದಿದ್ದರು. ಗ್ರಾಫಿನಲ್ಲಿ ಮೊದಲ ಕೆಲವು ಅಕ್ಷರ ಬಿಟ್ಟರೆ ಗೆರೆಗಳೆಲ್ಲ ಸ್ಪಷ್ಟ. ಆ ಗ್ರಾಫಿನ ಮೂಲ ಫೈಲ್ (ಎಬಿ1) ಕೇಳದೆಯೇ ಕೊಟ್ಟರು. ಇಷ್ಟಕ್ಕೆ ಪೂರ್ತಿ ಮಾರ್ಕ್ಸ್.

ಇನ್ನು ರಿಪೋರ್ಟ್. "ಜಾತಿ ಗುರುತು ಮತ್ತು ವಂಶವೃಕ್ಷ" ಅಂತ ಬೇರೆ ಪ್ಯಾಕೇಜ್ ಇದೆ. ಅದರ ರೇಟು ಓದಿಸುವ ರೇಟಿಗಿಂತ ಜಾಸ್ತಿ. ಬಂದದ್ದು ಬಣ್ಣಬಣ್ಣದ ಪಿಡಿಎಫ್. ಒಂದು ಸ್ಯಾಂಪಲ್‌ಗೆ ಹ್ಯಾನ್ಸೇನಿಯಾಸ್ಪೋರಾ ಯುವಾರಮ್ ಅಂತ ಹೆಸರು, ಪಕ್ಕದ್ದಕ್ಕೆ ಕ್ಲೋಯೆಕೆರಾ ಅಪಿಕ್ಯುಲೇಟಾ. ಮಕ್ಕಳು ಎರಡು ಬೇರೆ ಈಸ್ಟ್ ಸಿಕ್ಕಿತು ಅಂತ ಕುಣಿದರು. ಎರಡೂ ಒಂದೇ! ಮನೆಯಲ್ಲಿ ಪುಟ್ಟ, ಶಾಲೆ ರಿಜಿಸ್ಟರಿನಲ್ಲಿ ನಾಗರಾಜ ಅಂತಾರಲ್ಲ, ಹಾಗೆ. ಶಿಲೀಂಧ್ರಗಳ ಲೈಂಗಿಕ ರೂಪಕ್ಕೆ ಒಂದು ಹೆಸರು, ಅಲೈಂಗಿಕ ರೂಪಕ್ಕೆ ಇನ್ನೊಂದು ಇಡುವ ರೂಢಿ ಹಿಂದೆ ಇತ್ತು. 2011ರ ಮೆಲ್ಬರ್ನ್ ಸಮ್ಮೇಳನದಲ್ಲಿ ಅದನ್ನು ಕೈಬಿಟ್ಟರು. ಡೇಟಾಬೇಸಿನಲ್ಲಿ ಹಳೇ ಹೆಸರುಗಳು ಹಾಗೇ ಉಳಿದಿವೆ. ಇನ್ನೊಂದು ಜೋಡಿಯಲ್ಲೂ ಇದೇ ಕಥೆ: ಪಿಚಿಯಾ ಕುದ್ರಿಯಾವ್ಜೆವಿ ಒಂದು ಕಡೆ, ಕ್ಯಾಂಡಿಡಾ ಕ್ರೂಸೈ ಇನ್ನೊಂದು ಕಡೆ. ಅವೂ ಒಂದೇ ಜಾತಿ.

ಮರ ಇನ್ನೂ ಕೆಟ್ಟದು. ಬ್ಲಾಸ್ಟ್‌ನಲ್ಲಿ (ಡೇಟಾಬೇಸಿನಲ್ಲಿ ಹೋಲುವ ಡಿಎನ್‌ಎ ಹುಡುಕುವ ಸಾಧನ) ಮೇಲೆ ಬಂದ ಹತ್ತು ಸಾಲುಗಳನ್ನು ಎತ್ತಿ ಹಾಕಿದ್ದಾರೆ, ಅದರಲ್ಲಿ ಕೆಲವಕ್ಕೆ ಜಾತಿಯ ಹೆಸರೇ ಇಲ್ಲ. ಟೈಪ್ ಸ್ಟ್ರೈನ್, ಅಂದರೆ ಜಾತಿಯ ಹೆಸರಿಗೆ ಆಧಾರವಾದ ಮೂಲ ಮಾದರಿ, ಒಂದೂ ಇಲ್ಲ. ಹೋಲಿಕೆಗೆ ದೂರದ ನೆಂಟ, ಅಂದರೆ ಹೊರಗಿನ ಗುಂಪು, ಇಲ್ಲ, ಹಾಗಾಗಿ ಬೇರು ಎಲ್ಲಿ ಅಂತ ಹೇಳುವುದಕ್ಕೇ ಆಗಲ್ಲ. ಕೊಂಬೆಗಳ ಮೇಲೆ, ಕವಲನ್ನು ಎಷ್ಟು ನಂಬಬಹುದು ಅಂತ ಹೇಳುವ ಬೂಟ್‌ಸ್ಟ್ರಾಪ್ ಅಂಕಿಯೂ ಇಲ್ಲ. ಫೋನ್ ಮಾಡಿ ಕೇಳಿದೆ. "ಮೇಡಂ, ಸಾಫ್ಟ್‌ವೇರ್ ಏನು ಕೊಡುತ್ತೋ ಅದನ್ನೇ ನಾವು ಕಳಿಸೋದು" ಅಂದರು. ಸಾಫ್ಟ್‌ವೇರ್ ಕೊಡುವುದನ್ನೇ ಕಳಿಸುವುದಾದರೆ ದುಡ್ಡು ಯಾಕೆ?

ಕೊನೆಗೆ ನಾವೇ ಮರ ಕಟ್ಟಿದೆವು. ಮೆಗಾ ಸಾಫ್ಟ್‌ವೇರ್ ಉಚಿತ, ಕಾಲೇಜಿನ ಹಳೇ ಕಂಪ್ಯೂಟರಿನಲ್ಲೂ ಓಡುತ್ತದೆ. ಜೀನ್‌ಬ್ಯಾಂಕ್ ಅನ್ನುವ ಸಾರ್ವಜನಿಕ ಡೇಟಾಬೇಸಿನಿಂದ ಟೈಪ್ ಸ್ಟ್ರೈನ್‌ಗಳನ್ನು ಮಾತ್ರ ಆರಿಸಿದೆವು. ಎಲ್ಲವನ್ನೂ ಒಂದೇ ಉದ್ದಕ್ಕೆ ಕತ್ತರಿಸಿದೆವು. ಹೊರಗಿನವನಾಗಿ ಸ್ಕಿಜೋಸ್ಯಾಕರೋಮೈಸಿಸ್ ಪೋಂಬೆ. ಬೂಟ್‌ಸ್ಟ್ರಾಪ್ 1000 ಸಲ. ಜಗಳ ಆಡುತ್ತಿದ್ದ ಹೆಸರುಗಳೆಲ್ಲ ಒಂದೊಂದೇ ಕೊಂಬೆಗೆ ಬಂದು ಕೂತವು.

ಹ್ಯಾನ್ಸೇನಿಯಾಸ್ಪೋರಾ ಕೊಂಬೆ ಮಾತ್ರ ವಿಪರೀತ ಉದ್ದ ಬಂತು. ಓದಿದ್ದರಲ್ಲೇ ತಪ್ಪಿರಬಹುದಾ ಅಂತ ಒಬ್ಬಳು ಕೇಳಿದಳು. ಒಳ್ಳೆ ಪ್ರಶ್ನೆ. ತಪ್ಪಲ್ಲ. ಡಿಎನ್‌ಎ ರಿಪೇರಿ ಮಾಡುವ ಎಷ್ಟೋ ಜೀನುಗಳನ್ನು ಈ ಗುಂಪು ಕಳೆದುಕೊಂಡಿದೆ ಅಂತ 2019ರಲ್ಲಿ ಪ್ರಕಟವಾಗಿದೆ. ರಿಪೇರಿ ಕಮ್ಮಿ, ಬದಲಾವಣೆ ಜಾಸ್ತಿ, ಕೊಂಬೆ ಉದ್ದ. ಇದನ್ನು ರಿಪೋರ್ಟಿನಲ್ಲಿ ಒಂದು ಸಾಲು ಬರೆದಿದ್ದರೆ ನಾನು ಇಷ್ಟು ಗೊಣಗುತ್ತಿರಲಿಲ್ಲ.

ಮರದ ಬುಡದ ಹತ್ತಿರ ನಮ್ಮ ಬೂಟ್‌ಸ್ಟ್ರಾಪ್ ಅಂಕಿಗಳೂ ಕುಸಿದವು. 600 ಅಕ್ಷರದಿಂದ ಹತ್ತಿರದ ನೆಂಟರು ಗೊತ್ತಾಗುತ್ತಾರೆ, ಮುತ್ತಾತನ ಮುತ್ತಾತ ಗೊತ್ತಾಗಲ್ಲ. ಅಂಥ ಹಳೇ ಕವಲುಗಳಿಗೆ 2018ರಲ್ಲಿ 332 ಈಸ್ಟ್‌ಗಳ ಇಡೀ ಜೀನೋಮ್ ಹೋಲಿಸಬೇಕಾಯಿತು. ಲ್ಯಾಬಿನವರ ಪಿಡಿಎಫ್‌ನಲ್ಲಿ ಎಲ್ಲ ಕೊಂಬೆಯೂ ಒಂದೇ ಗಟ್ಟಿ ಗೆರೆ.

ಮತ್ತೆ ಅಲ್ಲಿಗೇ ಕಳಿಸುತ್ತೇನೆ. ಫಾರ್ಮಿನಲ್ಲಿ "ಕಚ್ಚಾ ಡೇಟಾ ಮಾತ್ರ" ಅನ್ನುವುದಕ್ಕೆ ಟಿಕ್ ಹಾಕುತ್ತೇನೆ. ಒಂದು ಸ್ಯಾಂಪಲ್ ಹ್ಯಾನ್ಸೇನಿಯಾಸ್ಪೋರಾ ಓಪುಂಟಿಯೆಯೋ ಹ್ಯಾನ್ಸೇನಿಯಾಸ್ಪೋರಾ ಗಿಲಿಯರ್ಮೊಂಡಿಯೋ ಅಂತ ಡಿ1/ಡಿ2ನಲ್ಲಿ ಬಿಡಿಸಲು ಆಗಲಿಲ್ಲ, ಎರಡೂ ಅಷ್ಟು ಹತ್ತಿರ. ಅದಕ್ಕೆ ಆಕ್ಟಿನ್ ಜೀನ್ ಓದಿಸಬೇಕು. ಆ ಜೀನ್ ಓದಲು ಬೇಕಾದ ಪ್ರೈಮರ್ (ಚಿಕ್ಕ ಡಿಎನ್‌ಎ ತುಂಡು) ಅವರ ಹತ್ತಿರ ಇಲ್ಲವಂತೆ, ನೀವೇ ಕಳಿಸಿ ಅಂದಿದ್ದಾರೆ.