ಫೋಟೊಗಳಿಂದ ಲಕ್ಕುಂಡಿ ಗುಡಿಯ ತ್ರೀಡಿ ಮಾದರಿ ಕಟ್ಟಲು ಡ್ರೋನ್ ಬೇಕಾ, ಕೈ ಕ್ಯಾಮೆರಾ ಸಾಕಾ?

ಶಿಖರ ಬೇಕಿದ್ದರೆ ಡ್ರೋನ್, ಬೇರೆ ಮಾತಿಲ್ಲ. ಲಕ್ಕುಂಡಿಯ ಕಾಶಿವಿಶ್ವೇಶ್ವರ ಗುಡಿಯ ಮೇಲ್ಭಾಗ ನೆಲದಿಂದ ಪೂರ್ತಿ ಕಾಣುವುದಿಲ್ಲ. ಆದರೆ ಬಾಗಿಲವಾಡದ ಸಣ್ಣ ಕೆತ್ತನೆಗೆ ಕೈ ಕ್ಯಾಮೆರಾನೇ ಮೇಲು. ಗೋಡೆಗೆ ಅಷ್ಟು ಹತ್ತಿರ ಡ್ರೋನ್ ಒಯ್ಯುವ ಧೈರ್ಯ ಯಾರಿಗಿದೆ?

ಯಾವುದೇ ಇರಲಿ, ಒಂದು ಫೋಟೊದಲ್ಲಿರುವುದು ಮುಂದಿನದರಲ್ಲೂ ಶೇ. 70–80ರಷ್ಟು ಬರಬೇಕು. ಎರಡರಲ್ಲೂ ಕಾಣುವ ಗುರುತುಗಳನ್ನು ಹೊಂದಿಸಿಯೇ ಸಾಫ್ಟ್‌ವೇರ್ ಮಾದರಿ ಕಟ್ಟುತ್ತದೆ. ಅದಕ್ಕೇ ಒಳಗಿನ ಕಡೆದ ಕಂಬಗಳು ತಲೆನೋವು. ನುಣುಪು ಕಲ್ಲು ಹೊಳೆಯುತ್ತದೆ, ನಡೆದಂತೆ ಹೊಳಪೂ ಜರುಗುತ್ತದೆ, ಮಾದರಿಯಲ್ಲಿ ಕಂಬ ಗಂಟುಗಂಟಾಗುತ್ತದೆ. ಅಲ್ಲಿ ಫ್ಲ್ಯಾಶ್ ಬೇಡ, ಟ್ರೈಪಾಡ್ ಇರಲಿ.

ಡ್ರೋನಿಗೆ ಖರ್ಚೂ ಜಾಸ್ತಿ, ಓಡಾಟವೂ ಜಾಸ್ತಿ. ಇದು ಭಾರತೀಯ ಪುರಾತತ್ವ ಇಲಾಖೆಯ ಸಂರಕ್ಷಿತ ಸ್ಮಾರಕ, ಅನುಮತಿ ಇಲ್ಲದೆ ಸುಮ್ನೆ ಹಾರಿಸುವ ಹಾಗಿಲ್ಲ. ಮೊದಲ ಸಲವಾದರೆ ಕ್ಯಾಮೆರಾದಲ್ಲಿ ಒಂದು ಗೋಡೆಯ ಮಾದರಿ ಮಾಡಿ ನೋಡಿ. ಪಕ್ಕದಲ್ಲಿ ಅಳತೆಪಟ್ಟಿ ಇಡಿ, ಇಲ್ಲದಿದ್ದರೆ ಮಾದರಿಗೆ ನಿಜವಾದ ಅಳತೆ ಸಿಗುವುದಿಲ್ಲ.