ಉಚಿತ ಎಂದರೆ ಎಷ್ಟು ಉಚಿತ: ಗೋಣಿಕೊಪ್ಪದ ಡಿಟಿಪಿ ಅಂಗಡಿಯಿಂದ ಕೆಲವು ಆಪ್‌ಗಳ ವಿಮರ್ಶೆ

ಮೊದಲು ಕೆಟ್ಟದ್ದನ್ನು ಹೇಳಿ ಮುಗಿಸುತ್ತೇನೆ. ಕ್ಯೂಆರ್ ಕೋಡ್ ಪುಕ್ಕಟೆ ಮಾಡಿಕೊಡುತ್ತೇವೆ ಎಂದು ಕರೆಯುವ ಜಾಲತಾಣಗಳನ್ನು ಕಣ್ಣು ಮುಚ್ಚಿ ನಂಬಬೇಡಿ.

ನನ್ನದು ಕೊಡಗಿನ ಗೋಣಿಕೊಪ್ಪದಲ್ಲಿ ಡಿಟಿಪಿ ಅಂಗಡಿ. ಮದುವೆಯ ಆಮಂತ್ರಣ, ಬಿಲ್ ಬುಕ್, ಹಾಕಿ ಪಂದ್ಯಾವಳಿಯ ಕರಪತ್ರ, ದಸರಾ ಸಮಿತಿಯ ರಸೀದಿ ಪುಸ್ತಕ, ಇವೇ ನನ್ನ ಅನ್ನ. ಈಗ ಬರುವವರಲ್ಲಿ ಹೋಂಸ್ಟೇಯವರು, ಕಾಫಿ ಪುಡಿ, ಕಾಳುಮೆಣಸು, ಜೇನು, ಕಾಚಂಪುಳಿ ಮಾರುವವರು ಹೆಚ್ಚು. ಅವರಿಗೆ ಲೇಬಲ್ ಒಂದೇ ಸಾಲದು. "ಅಣ್ಣ, ಮೊಬೈಲಿನಲ್ಲಿ ನಾಲ್ಕು ಜನಕ್ಕೆ ತಲುಪುವ ಹಾಗೆ ಏನಾದರೂ ಮಾಡಿಕೊಡಿ, ಆದರೆ ತಿಂಗಳು ತಿಂಗಳು ದುಡ್ಡು ಕಟ್ಟುವುದು ಬೇಡ" ಎನ್ನುತ್ತಾರೆ. ಹೀಗಾಗಿ ಉಚಿತ ಆಪ್‌ಗಳನ್ನೆಲ್ಲ ನಾನು ಬಳಸಿ ನೋಡಬೇಕಾಯಿತು.

ನಾಪೋಕ್ಲು ಕಡೆಯ ಜೇನು ಸಾಕಣೆಗಾರರೊಬ್ಬರು ತುಡುವೆ ಜೇನಿನ ಬಾಟಲಿಗೆ ಲೇಬಲ್ ಹೊಡೆಸಲು ಬಂದಿದ್ದರು. ಕ್ಯೂಆರ್ ಕೋಡನ್ನು ಅವರ ಸಂಬಂಧಿಕರ ಹುಡುಗ ಯಾವುದೋ ಜಾಲತಾಣದಲ್ಲಿ ಮಾಡಿಕೊಟ್ಟಿದ್ದ. ಲೇಬಲ್ ಮುದ್ರಣವಾಗಿ, ಬಾಟಲಿಗೆ ಅಂಟಿ, ಮಡಿಕೇರಿ, ಕುಶಾಲನಗರದ ಅಂಗಡಿಗಳ ಕಪಾಟು ಸೇರಿದ ಮೇಲೆ ಕೋಡ್ ಸತ್ತುಹೋಯಿತು. ಸ್ಕ್ಯಾನ್ ಮಾಡಿದವರಿಗೆ ಜೇನಿನ ವಿವರದ ಬದಲು, ಪ್ರಾಯೋಗಿಕ ಅವಧಿ ಮುಗಿದಿದೆ, ಹಣ ಕಟ್ಟಿ ಎಂಬ ಪುಟ ಕಾಣಿಸುತ್ತಿತ್ತು. ಅದೂ ಡಾಲರ್ ಲೆಕ್ಕದಲ್ಲಿ.

ಇದರ ಒಳಗುಟ್ಟು ತಿಳಿದಿರಬೇಕು. ಕ್ಯೂಆರ್ ಕೋಡಿನಲ್ಲಿ ಎರಡು ಬಗೆ. ಸ್ಥಿರ ಕೋಡಿನಲ್ಲಿ ನಿಮ್ಮ ಪುಟದ ವಿಳಾಸವೇ ಆ ಕಪ್ಪು ಬಿಳುಪು ಚೌಕಗಳಲ್ಲಿ ಅಡಗಿರುತ್ತದೆ; ಅದಕ್ಕೆ ಸಾವಿಲ್ಲ, ಯಜಮಾನನೂ ಇಲ್ಲ. ಡೈನಮಿಕ್ ಎನ್ನುವ ಇನ್ನೊಂದು ಬಗೆಯಲ್ಲಿ ಇರುವುದು ಆ ಜಾಲತಾಣದವರ ವಿಳಾಸ. ಗ್ರಾಹಕ ಮೊದಲು ಅವರಲ್ಲಿಗೆ ಹೋಗಿ, ಅವರು ಬಿಟ್ಟರೆ ನಿಮ್ಮಲ್ಲಿಗೆ ಬರುತ್ತಾನೆ. ನಮ್ಮ ತೋಟದ ದಾರಿಗೆ ಬೇರೆಯವರು ಗೇಟು ಹಾಕಿ ಬೀಗದ ಕೈ ಜೇಬಿನಲ್ಲಿಟ್ಟುಕೊಂಡ ಹಾಗೆ. ಎಲ್ಲಿಗೆ ಕಳುಹಿಸಬೇಕೆಂಬುದನ್ನು ಆಮೇಲೂ ಬದಲಾಯಿಸಬಹುದು, ಎಷ್ಟು ಜನ ಸ್ಕ್ಯಾನ್ ಮಾಡಿದರು ಎಂಬ ಎಣಿಕೆ ಸಿಗುತ್ತದೆ ಎಂಬ ಅನುಕೂಲ ಅದಕ್ಕಿದೆ, ನಿಜ. ಜೇನಿನ ಬಾಟಲಿಗೆ ಅದರ ಅಗತ್ಯವಿಲ್ಲ.

ಕ್ಯೂಆರ್ ಕೋಡನ್ನು 1994ರಲ್ಲಿ ಜಪಾನಿನ ಡೆನ್ಸೊ ಕಂಪನಿ (ಆ ವಿಭಾಗವೇ ಈಗಿನ ಡೆನ್ಸೊ ವೇವ್) ಕಾರಿನ ಬಿಡಿಭಾಗಗಳ ಲೆಕ್ಕ ಇಡಲು ರೂಪಿಸಿತು. ಪೇಟೆಂಟ್ ಇದ್ದರೂ ಆ ಹಕ್ಕನ್ನು ಚಲಾಯಿಸುವುದಿಲ್ಲ ಎಂದು ಕಂಪನಿ ಹೇಳಿದ್ದರಿಂದಲೇ ಅದು ಜಗತ್ತಿಗೆಲ್ಲ ಹರಡಿತು. ಹುಟ್ಟಿಸಿದವರೇ ದುಡ್ಡು ಕೇಳದ ವಸ್ತುವಿಗೆ ನಡುವಿನವರು ಬಾಡಿಗೆ ಕೇಳುವುದು ನನಗಂತೂ ಸರಿಕಾಣುವುದಿಲ್ಲ.

ನಾನು ಈಗ ಕ್ಯೂಆರ್ ಕೋಡ್ ಮಾಡುವುದು ಇಂಕ್‌ಸ್ಕೇಪ್‌ನಲ್ಲಿ. ಇದು ಚಿತ್ರ ರಚಿಸುವ, ಸಂಪೂರ್ಣ ಉಚಿತವಾದ ಮುಕ್ತ ತಂತ್ರಾಂಶ. ಇಂಟರ್‌ನೆಟ್ ಇಲ್ಲದಿದ್ದರೂ ಕೆಲಸ ಮಾಡುತ್ತದೆ, ಹೊರಬರುವ ಚಿತ್ರವನ್ನು ಎಷ್ಟು ಹಿಗ್ಗಿಸಿದರೂ ಅಂಚು ಒಡೆಯುವುದಿಲ್ಲ. ಕಂಪ್ಯೂಟರಿನ ಕ್ರೋಮ್ ಬ್ರೌಸರ್‌ನಲ್ಲೂ ತೆರೆದ ಪುಟಕ್ಕೆ ಕ್ಯೂಆರ್ ಕೋಡ್ ಮಾಡಿಕೊಳ್ಳುವ ಸೌಲಭ್ಯವಿದೆ, ನಡುವೆ ಪುಟ್ಟ ಡೈನೋಸಾರ್ ಕೂತಿರುತ್ತದೆ. ಮಕ್ಕಳಿಗೆ ಇಷ್ಟವಾಗಬಹುದು, ಕಾಫಿ ಪುಡಿಯ ಪೊಟ್ಟಣದ ಮೇಲೆ ಅದಕ್ಕೇನು ಕೆಲಸ?

ಇಂಕ್‌ಸ್ಕೇಪ್ ಬಗ್ಗೆ ಇನ್ನೊಂದು ಮಾತು. ಕೋಡ್ ಮಾಡುವಾಗ ದೋಷ ಸರಿಪಡಿಸುವ ಮಟ್ಟ ಎಂಬ ಆಯ್ಕೆ ಬರುತ್ತದೆ. ನಾಲ್ಕು ಹಂತಗಳಿವೆ. ಅತಿ ಕೆಳಗಿನದರಲ್ಲಿ ಕೋಡಿನ ಸುಮಾರು ಶೇ. 7ರಷ್ಟು ಅಳಿಸಿಹೋದರೂ ಓದಬಹುದು, ಅತಿ ಮೇಲಿನದರಲ್ಲಿ ಸುಮಾರು ಶೇ. 30. ಜೇನಿನ ಬಾಟಲಿಯ ಹೊರಮೈಗೆ ಜೇನು ಒಸರದೆ ಇರುವುದಿಲ್ಲ, ಅದಕ್ಕೆ ಧೂಳು ಮೆತ್ತಿಕೊಳ್ಳುತ್ತದೆ, ಮುಂಗಾರಿನಲ್ಲಿ ಲೇಬಲ್ ಏಳುತ್ತದೆ. ಆದ್ದರಿಂದ ಮೇಲಿನ ಹಂತವನ್ನೇ ಆರಿಸುತ್ತೇನೆ. ಚೌಕಗಳು ಹೆಚ್ಚುತ್ತವೆ, ಹಾಗಾಗಿ ಕೋಡಿನ ಅಗಲ 2 ಸೆಂಟಿಮೀಟರಿಗಿಂತ ಕಡಿಮೆ ಮಾಡುವುದಿಲ್ಲ. ಸುತ್ತ ಬಿಳಿ ಜಾಗ ಬಿಡಲೇಬೇಕು. ಆ ಬಿಳಿ ಜಾಗದಲ್ಲಿ ಜೇನುನೊಣದ ಚಿತ್ರ ಹಾಕಿ ಎಂದು ಕೇಳುವವರಿದ್ದಾರೆ, ಹಾಕಿಕೊಡುವುದಿಲ್ಲ. ಆಹಾರ ಸುರಕ್ಷತಾ ಪ್ರಾಧಿಕಾರದ, ಅಂದರೆ ಎಫ್‌ಎಸ್‌ಎಸ್‌ಎಐನ, 14 ಅಂಕಿಯ ಸಂಖ್ಯೆ ಇಲ್ಲದ ಲೇಬಲ್ಲನ್ನೂ ಹೊಡೆದುಕೊಡುವುದಿಲ್ಲ. ಅದು ಬೇರೆ ಜಗಳ.

ಇನ್ನು ಪೋಸ್ಟರ್, ಆಮಂತ್ರಣಗಳನ್ನು ಯಾರು ಬೇಕಾದರೂ ತಾವೇ ವಿನ್ಯಾಸ ಮಾಡಿಕೊಳ್ಳಬಹುದಾದ ಕ್ಯಾನ್ವಾ. ನಮ್ಮ ಕಸುಬಿಗೆ ಕಲ್ಲು ಹಾಕಿದ್ದೇ ಇದು ಎಂದು ಊರಿನ ಡಿಟಿಪಿಯವರೆಲ್ಲ ಗೊಣಗುತ್ತಾರೆ. ಆಸ್ಟ್ರೇಲಿಯಾದಲ್ಲಿ ಶಾಲೆಗಳ ವಾರ್ಷಿಕ ಸಂಚಿಕೆ ರೂಪಿಸಿಕೊಡುತ್ತಿದ್ದ ಮೆಲನಿ ಪರ್ಕಿನ್ಸ್ ಮತ್ತು ಸಂಗಡಿಗರು 2013ರಲ್ಲಿ ಶುರುಮಾಡಿದ ಸೇವೆ. ಸ್ಕೂಲ್ ಮ್ಯಾಗಜೀನ್ ಪುಟ ಕಟ್ಟಿದವರಿಗೆ ಮಾತ್ರ ಗೊತ್ತಿರುವ ಹಿಂಸೆಗಳಿಗೆ ಇದರಲ್ಲಿ ಪರಿಹಾರವಿದೆ, ಒಪ್ಪಬೇಕು. ಇನ್‌ಸ್ಟಾಗ್ರಾಮ್‌ಗೆ ಚೌಕ, ಸ್ಟೇಟಸ್‌ಗೆ ಉದ್ದ, ಯೂಟ್ಯೂಬ್ ಮುಖಚಿತ್ರಕ್ಕೆ ಅಡ್ಡ, ಎಲ್ಲ ಅಳತೆಗಳೂ ಸಿದ್ಧವಾಗಿವೆ. ಕಾಸು ಕೊಡದವರಿಗೂ 5 ಜಿಬಿ ಜಾಗ ಕೊಡುತ್ತಾರೆ. ಕಿರೀಟದ ಗುರುತಿರುವ ಚಿತ್ರಗಳಿಗೆ ಮಾತ್ರ ದುಡ್ಡು. ಹೊಸಬರು ಆ ಕಿರೀಟವನ್ನು ನೋಡದೆ ಅಂದದ ಚಿತ್ರವನ್ನು ಹಾಕಿಕೊಂಡು, ಕೊನೆಗೆ ಇಳಿಸಿಕೊಳ್ಳುವಾಗ ಹೌಹಾರುತ್ತಾರೆ. ಹಿನ್ನೆಲೆ ಅಳಿಸುವ ಸೌಲಭ್ಯವೂ ಹಣ ಕಟ್ಟಿದವರಿಗೆ. ಬಿಳಿ ಪಂಚೆ ಹರವಿ ಬಾಟಲಿ ಇಟ್ಟು ಫೋಟೊ ತೆಗೆದರೆ ಅಳಿಸುವ ಅಗತ್ಯವೇ ಬೀಳುವುದಿಲ್ಲ.

ಕನ್ನಡದ ವಿಷಯಕ್ಕೆ ಬಂದರೆ ಎಚ್ಚರ ಬೇಕು. ನಮ್ಮಂಥವರ ಕಂಪ್ಯೂಟರಿನಲ್ಲಿ ನುಡಿ ಎಂಬ ಕನ್ನಡ ತಂತ್ರಾಂಶದಲ್ಲಿ ಹಳೆಯ ಕ್ರಮದಲ್ಲಿ ಟೈಪ್ ಮಾಡಿದ ಕಡತಗಳು ರಾಶಿ ಬಿದ್ದಿವೆ. ಅದನ್ನು ನೇರವಾಗಿ ಕ್ಯಾನ್ವಾಕ್ಕೆ ತಂದು ಅಂಟಿಸಿದರೆ ತಲೆಯ ಮೇಲೆ ಗೆರೆ, ಚುಕ್ಕಿ ಹೊತ್ತ ಇಂಗ್ಲಿಷ್ ಅಕ್ಷರಗಳು ಸಾಲುಗಟ್ಟುತ್ತವೆ. ಮೊದಲು ಎಲ್ಲ ಕಡೆ ಓದಲು ಬರುವ ಯೂನಿಕೋಡ್ ಕ್ರಮಕ್ಕೆ ಪರಿವರ್ತಿಸಿಕೊಳ್ಳಬೇಕು. ಪರಿವರ್ತಿಸಿದ ಮೇಲೂ ಒತ್ತಕ್ಷರ, ಅರ್ಕಾವತ್ತುಗಳನ್ನು ಒಂದೊಂದಾಗಿ ನೋಡಬೇಕು. ಅಕ್ಷರಶೈಲಿಗೆ ಬರವಿಲ್ಲ. ಗೂಗಲ್ ಫಾಂಟ್ಸ್‌ನಲ್ಲಿ ನೋಟೊ ಸೆರಿಫ್ ಕನ್ನಡ, ಬಾಲೂ ತಮ್ಮ, ಅನೇಕ್ ಕನ್ನಡ, ತೀರೊ ಕನ್ನಡ ಇವೆ. ಮುದ್ರಣಕ್ಕೂ ವ್ಯಾಪಾರಕ್ಕೂ ಉಚಿತವಾಗಿ ಬಳಸಬಹುದು. ಹುಬ್ಬಳ್ಳಿ ಎಂಬ ಹೆಸರಿನದೂ ಒಂದಿದೆ. ಗೋಣಿಕೊಪ್ಪ ಎಂಬುದು ಯಾವಾಗ ಬರುತ್ತದೋ. ಪೋಸ್ಟರ್ ತಲೆಬರಹಕ್ಕೆ ಬಾಲೂ ತಮ್ಮದ ದಪ್ಪ ಅಕ್ಷರ ಚೆನ್ನ, ಆದರೆ ಶ್ರದ್ಧಾಂಜಲಿಗೆ ಅದನ್ನು ಹಾಕಬೇಡಿ ಎಂದು ಎಷ್ಟು ಹೇಳಿದರೂ ಜನ ಕೇಳುವುದಿಲ್ಲ.

ನನ್ನ ತೀರ್ಪು: ಪರದೆಯ ಮೇಲೆ ನೋಡುವುದಕ್ಕೆ ಕ್ಯಾನ್ವಾ ಸೈ, ಕಾಗದಕ್ಕೆ ಅಲ್ಲ. ಆಫ್‌ಸೆಟ್ ಮುದ್ರಣಕ್ಕೆ ಬೇಕಾದ ನಾಲ್ಕು ಬಣ್ಣಗಳ ಲೆಕ್ಕದಲ್ಲಿ ಕಡತ ಪಡೆಯುವುದು ಹಣ ಕಟ್ಟಿದವರಿಗೆ ಮಾತ್ರ. ಮೊಬೈಲಿನಲ್ಲಿ ಮಿರಮಿರ ಮಿನುಗಿದ ತೋಟದ ಹಸಿರು ಕಾಗದದ ಮೇಲೆ ಮಂಕಾಗುತ್ತದೆ, ಬೈಗುಳ ನನಗೆ ಬೀಳುತ್ತದೆ.

ಕೊಡಗಿನವರಿಗೆ ನಿಜವಾಗಿ ಉಪಕಾರ ಮಾಡಿರುವುದು ಗೂಗಲ್ ಬಿಸಿನೆಸ್ ಪ್ರೊಫೈಲ್ ಮತ್ತು ಅದರೊಡನೆ ಬರುವ ನಕ್ಷೆ. ಮೊದಲು ಗೂಗಲ್ ಮೈ ಬಿಸಿನೆಸ್ ಎನ್ನುತ್ತಿದ್ದರು, 2021ರಲ್ಲಿ ಹೆಸರು ಬದಲಾಯಿತು. ಅಂಗಡಿ ತೆರೆಯುವ ಸಮಯ, ಫೋನ್ ಸಂಖ್ಯೆ, ಫೋಟೊ, ಜನರ ಅಭಿಪ್ರಾಯ ಎಲ್ಲ ಒಂದೇ ಕಡೆ. ಅಭಿಪ್ರಾಯಗಳಿಗೆ ಮಾಲೀಕರು ಉತ್ತರ ಬರೆಯಬಹುದು, ಬರೆಯಲೇಬೇಕು. ಐದು ನಕ್ಷತ್ರ ಕೊಟ್ಟರೆ ಬಿಲ್ಲಿನಲ್ಲಿ ರಿಯಾಯಿತಿ ಎಂದು ಬೋರ್ಡ್ ಹಾಕಿಸಲು ಒಬ್ಬರು ಬಂದಿದ್ದರು. ಅದು ಗೂಗಲ್ ನಿಯಮಕ್ಕೆ ವಿರುದ್ಧ ಎಂದು ಹೇಳಿ ಕಳುಹಿಸಿದೆ.

ಇಲ್ಲಿನ ವಿಳಾಸಗಳ ಪಾಡು ನಿಮಗೆ ಗೊತ್ತು. "ಸೇತುವೆ ದಾಟಿ, ಎಡಕ್ಕೆ ಸಿಲ್ವರ್ ಮರದ ಸಾಲು, ಅಲ್ಲಿ ಯಾರನ್ನಾದರೂ ಕೇಳಿ." ಕೇಳಲು ಅಲ್ಲಿ ಯಾರೂ ಇರುವುದಿಲ್ಲ. ಇದಕ್ಕೆ ಮದ್ದಾಗಿ ಪ್ಲಸ್ ಕೋಡ್ ಎಂಬುದೊಂದಿದೆ. ಗೂಗಲ್ ಮ್ಯಾಪ್ಸ್‌ನಲ್ಲಿ ನಿಮ್ಮ ಮನೆಯ ಮೇಲೆ ಬೆರಳು ಒತ್ತಿ ಹಿಡಿದರೆ ಸಿಗುತ್ತದೆ. ನಾಲ್ಕು ಅಕ್ಷರ ಅಥವಾ ಅಂಕಿ, ಒಂದು ಕೂಡಿಸುವ ಚಿಹ್ನೆ, ಇನ್ನೆರಡು ಅಕ್ಷರ, ಪಕ್ಕದಲ್ಲಿ ಊರಿನ ಹೆಸರು. ಸುಮಾರು 14 ಮೀಟರ್ ಉದ್ದಗಲದ ಜಾಗವನ್ನು ಅಷ್ಟರಲ್ಲೇ ಗುರುತಿಸುತ್ತದೆ. ಅಕ್ಕಪಕ್ಕದಲ್ಲಿಟ್ಟರೆ ಗೊಂದಲವಾಗುವ ಅಕ್ಷರಗಳನ್ನು, ಇಂಗ್ಲಿಷಿನ ಸ್ವರಗಳನ್ನು ಅದರಲ್ಲಿ ಬಳಸುವುದೇ ಇಲ್ಲ, ಆದ್ದರಿಂದ ಫೋನಿನಲ್ಲಿ ಓದಿ ಹೇಳಿದರೂ ತಪ್ಪುವುದಿಲ್ಲ. ಕುಟ್ಟ, ಬಿರುನಾಣಿ ಕಡೆಯ ಹೋಂಸ್ಟೇಯವರಿಗೆ ಈಗ ವಿಸಿಟಿಂಗ್ ಕಾರ್ಡ್ ಹೊಡೆಯುವಾಗ ಇದನ್ನು ಕೇಳದೆಯೇ ಸೇರಿಸುತ್ತೇನೆ. ಪಿನ್ನನ್ನು ಮಾತ್ರ ಮನೆಯ ಮೇಲೆ ಇಡಬೇಡಿ, ಕಾರು ಹೋಗಬಲ್ಲ ಗೇಟಿನ ಮೇಲೆ ಇಡಿ. ಇಲ್ಲದಿದ್ದರೆ ನಕ್ಷೆ ಪಕ್ಕದ ತೋಟದ ಕಾಲುದಾರಿಗೆ ಹತ್ತಿಸಿ, ಬೆಂಗಳೂರಿನ ಕಾರು ಗದ್ದೆಯ ಏರಿಯ ಮೇಲೆ ನಿಂತಿರುತ್ತದೆ.

ಆದರೆ ಅಂಗಡಿಯ ಸರ್ವಸ್ವವನ್ನೂ ಅಲ್ಲೇ ಇಟ್ಟುಕೊಂಡು ಕೂರುವ ಹಾಗಿಲ್ಲ. ಇದೇ ಪ್ರೊಫೈಲ್ ಮೂಲಕ ಉಚಿತವಾಗಿ ಮಾಡಿಕೊಟ್ಟಿದ್ದ ಪುಟ್ಟ ಜಾಲತಾಣಗಳನ್ನು ಗೂಗಲ್ 2024ರ ಮಾರ್ಚ್‌ನಲ್ಲಿ ನಿಲ್ಲಿಸಿತು, ಅದರೊಳಗಿನ ಚಾಟ್ ಸೌಲಭ್ಯ ಅದೇ ಜುಲೈನಲ್ಲಿ ಹೋಯಿತು. ಕೊಡುವ ಕೈ ಹಿಂದೆಗೆದಾಗ ಕೇಳಲು ನಮ್ಮ ಬಳಿ ರಸೀದಿಯೂ ಇರುವುದಿಲ್ಲ. ಗ್ರಾಹಕರ ಹೆಸರು, ಫೋನ್ ಸಂಖ್ಯೆ ನಿಮ್ಮ ಸ್ವಂತ ಪುಸ್ತಕದಲ್ಲಿರಲಿ; ಫೋಟೊಗಳ ಮೂಲ ಪ್ರತಿ ನಿಮ್ಮ ಪೆನ್‌ಡ್ರೈವ್‌ನಲ್ಲಿರಲಿ. ಯಾವ ಉಚಿತ ಸೇವೆಯನ್ನೂ ನಾನು ಅಳೆಯುವುದು ಇದೊಂದೇ ಕೋಲಿನಿಂದ: ನಾಳೆ ಅದು ಬಾಗಿಲು ಹಾಕಿದರೆ ನನ್ನ ಕೈಯಲ್ಲಿ ಏನು ಉಳಿಯುತ್ತದೆ?

ಮಳೆಗಾಲಕ್ಕೆಂದು ಒಂದು ಸೇವೆಯನ್ನು ಬೇರೆಯಾಗಿಯೇ ಹೊಗಳಬೇಕು. ಜೂನ್‌ನಿಂದ ಆಗಸ್ಟ್‌ವರೆಗೆ ಇಲ್ಲಿ ಮರ ಬಿದ್ದರೆ ಕರೆಂಟಿಲ್ಲ, ಕರೆಂಟಿಲ್ಲದಿದ್ದರೆ ಟವರ್ ಇಲ್ಲ. 2018ರ ಆಗಸ್ಟ್‌ನ ಮಳೆ, ಭೂಕುಸಿತ ಕಂಡವರಿಗೆ ವಿವರಿಸಬೇಕಾಗಿಲ್ಲ. ಆ ದಿನಗಳಲ್ಲಿ ಹೊತ್ತಿಗೆ ಸರಿಯಾಗಿ ಫೋಟೊ ಹಾಕುವುದು ಆಗದ ಮಾತು. ಬಫರ್ ಎಂಬ ಸೇವೆಯಲ್ಲಿ ಮೂರು ಖಾತೆಗಳನ್ನು ಜೋಡಿಸಿ, ಒಂದೊಂದಕ್ಕೂ ಹತ್ತು ಪೋಸ್ಟ್‌ಗಳನ್ನು ಮುಂಚಿತವಾಗಿ ದಿನ, ಸಮಯ ನಿಗದಿ ಮಾಡಿ ಇಡಬಹುದು, ಕಾಸು ಕೊಡದೆ. ಫೇಸ್‌ಬುಕ್, ಇನ್‌ಸ್ಟಾಗ್ರಾಮ್ ಎರಡೇ ಸಾಕು ಎನ್ನುವವರಿಗೆ ಮೆಟಾ ಬಿಸಿನೆಸ್ ಸೂಟ್ ಇದೆ, ಅದೂ ಉಚಿತ. ಮಳೆ ಬಿಡುವು ಕೊಟ್ಟ ದಿನ ಕೂತು ಸೆಪ್ಟೆಂಬರಿನ ಕೈಲ್‌ಪೊಳ್ದ್ ಹಬ್ಬದವರೆಗಿನದನ್ನು ತುಂಬಿಸಿಟ್ಟರೆ, ಮನೆಯಲ್ಲಿ ಸೀಮೆಎಣ್ಣೆ ದೀಪ ಉರಿಯುತ್ತಿದ್ದರೂ ನಿಮ್ಮ ಕಾಫಿ ಪುಡಿಯ ಚಿತ್ರ ಹುಬ್ಬಳ್ಳಿಯವರ ಮೊಬೈಲಿನಲ್ಲಿ ಕಾಣಿಸುತ್ತದೆ. ಒಂದೇ ತೊಡಕು, ಕೇಳುವವರಿಗೆ ಉತ್ತರಿಸಲು ಸಿಗ್ನಲ್ ಬೇಕು. ಪ್ರತಿಯೊಂದರಲ್ಲೂ ಲ್ಯಾಂಡ್‌ಲೈನ್ ಸಂಖ್ಯೆ, ಇನ್ನೂ ಇಟ್ಟುಕೊಂಡಿದ್ದರೆ, ಬರೆದಿಡಿ. ಇನ್ನು, ಗುಡ್ಡ ಕುಸಿದು ರಸ್ತೆ ಮುಚ್ಚಿದ ದಿನ "ಬನ್ನಿ, ಮಂಜಿನಲ್ಲಿ ಮೀಯಿರಿ" ಎಂಬ ನಿಗದಿತ ಪೋಸ್ಟ್ ತಾನಾಗಿ ಹೊರಬಿದ್ದರೆ ಮಾನ ಹೋಗುತ್ತದೆ. ಎಚ್ಚರಿಕೆಯ ದಿನಗಳಲ್ಲಿ ಸಿಗ್ನಲ್ ಸಿಕ್ಕ ಕೂಡಲೇ ಎಲ್ಲವನ್ನೂ ತಡೆಹಿಡಿಯಿರಿ.

ಹಲವು ಕೊಂಡಿಗಳನ್ನು ಒಂದೇ ಪುಟದಲ್ಲಿ ತೋರಿಸುವ ಲಿಂಕ್‌ಟ್ರೀಯಂಥವು ಈಗ ಅಷ್ಟೇನೂ ಬೇಕಿಲ್ಲ. 2023ರಿಂದ ಇನ್‌ಸ್ಟಾಗ್ರಾಮ್ ತನ್ನ ಪರಿಚಯದ ಜಾಗದಲ್ಲೇ ಐದು ಕೊಂಡಿಗಳಿಗೆ ಅವಕಾಶ ಕೊಟ್ಟಿದೆ. ಯೂಟ್ಯೂಬ್ ಶಾರ್ಟ್ಸ್ ಜನ ನೋಡುತ್ತಾರೆ, ಆದರೆ ಅದರ ವಿವರಣೆಯಲ್ಲಿ ಹಾಕಿದ ಕೊಂಡಿಯನ್ನು ಒತ್ತಿದರೆ ತೆರೆಯುವುದಿಲ್ಲ. ಹಾಗಾಗಿ ಫೋನ್ ಸಂಖ್ಯೆಯನ್ನು ವಿಡಿಯೊದ ಮೇಲೆಯೇ ದಪ್ಪ ಅಕ್ಷರದಲ್ಲಿ ಬರೆಸಿ.

ಕೊನೆಗೆ ವಾಟ್ಸ್ಆಪ್ ಬಿಸಿನೆಸ್. ಒಂದೇ ಒಂದನ್ನು ಇಟ್ಟುಕೊಳ್ಳಿ ಎಂದರೆ ಇದನ್ನೇ ಹೇಳುತ್ತೇನೆ. 2018ರಲ್ಲಿ ಬಂದದ್ದು. ಸರಕಿನ ಚಿತ್ರ, ಬೆಲೆಗಳ ಕ್ಯಾಟಲಾಗ್, ಪದೇ ಪದೇ ಕೇಳುವ ಪ್ರಶ್ನೆಗೆ ಸಿದ್ಧ ಉತ್ತರ, ಹಣ ಬಾಕಿ ಇರುವವರಿಗೆ ಬೇರೆ ಬಣ್ಣದ ಲೇಬಲ್. ನನ್ನ ಗ್ರಾಹಕರಿಗೆ ಕೊನೆಯದ್ದೇ ಹೆಚ್ಚು ಪ್ರಯೋಜನಕ್ಕೆ ಬಂದಿದೆ. ಒಂದೇ ಸಂದೇಶವನ್ನು ಹಲವರಿಗೆ ಒಟ್ಟಿಗೆ ಕಳುಹಿಸುವ ಬ್ರಾಡ್‌ಕಾಸ್ಟ್ ಪಟ್ಟಿಯಲ್ಲಿ 256 ಮಂದಿಯನ್ನು ಸೇರಿಸಬಹುದು, ಆದರೆ ನಿಮ್ಮ ಸಂಖ್ಯೆಯನ್ನು ತಮ್ಮ ಮೊಬೈಲಿನಲ್ಲಿ ಉಳಿಸಿಕೊಂಡವರಿಗೆ ಮಾತ್ರ ಸಂದೇಶ ತಲುಪುತ್ತದೆ. ಇದು ಕೊರತೆ ಎನ್ನುವವರಿದ್ದಾರೆ, ನನಗೆ ಇದೇ ಇಷ್ಟ. ಬೇಡದವರಿಗೆ ಕರಪತ್ರ ತುರುಕುವುದಕ್ಕಿಂತ ಬೇಕು ಎಂದವರಿಗೆ ಕೊಡುವುದು ಮೇಲು. ನಿಮ್ಮ ಸಂಖ್ಯೆಯ ವಾಟ್ಸ್ಆಪ್ ವಿಳಾಸಕ್ಕೆ ಸ್ಥಿರ ಕ್ಯೂಆರ್ ಕೋಡ್ ಮಾಡಿಸಿ ಲೇಬಲ್ಲಿಗೆ ಹಾಕಿದರೆ, ಸ್ಕ್ಯಾನ್ ಮಾಡಿದವರು ನೇರವಾಗಿ ನಿಮ್ಮೊಡನೆ ಮಾತಿಗೆ ಬರುತ್ತಾರೆ. ನಾಪೋಕ್ಲಿನ ಜೇನಿನವರಿಗೆ ಎರಡನೇ ಸಲ ಮಾಡಿಕೊಟ್ಟಿದ್ದು ಇದನ್ನೇ, ಕೋಡಿನ ಕೆಳಗೆ ಸಂಖ್ಯೆಯನ್ನೂ ಅಚ್ಚು ಹಾಕಿ.

ಕ್ಯಾಟಲಾಗ್‌ಗೆ ಏನೇನು ಹಾಕಬಾರದು ಎಂಬ ಪಟ್ಟಿಯೂ ಇದೆ, ಅದರಲ್ಲಿ ಮದ್ಯವಿದೆ. ಮೊನ್ನೆ ಒಬ್ಬ ಅಕ್ಕ ನೆಲ್ಲಿಕಾಯಿ, ದ್ರಾಕ್ಷಿ, ಶುಂಠಿ ವೈನ್ ಎಂದು ಬಾಟಲಿಗಳ ಫೋಟೊ ಸಮೇತ ಬಂದು, "ಇದು ಮನೆಯಲ್ಲಿ ಮಾಡಿದ್ದಲ್ಲವಾ ಅಣ್ಣ, ಇದಕ್ಕೇನು ಅಡ್ಡಿ?" ಎಂದು ಕೇಳಿದರು. ವಾಟ್ಸ್ಆಪ್‌ಗಿಂತ ಮೊದಲು ಅಬಕಾರಿ ಇಲಾಖೆಯನ್ನು ಕೇಳಿ ಬನ್ನಿ ಅಕ್ಕ ಎಂದೆ. ಫೋಟೊಗಳನ್ನು ಮಡಚಿ ಚೀಲಕ್ಕೆ ಹಾಕಿಕೊಂಡು, ಹಾಗಾದರೆ ಉಪ್ಪಿನಕಾಯಿಯದ್ದು ಮಾಡಿಕೊಡಿ ಎಂದರು. ಅದರ ಕೆಲಸ ನಡೆಯುತ್ತಿದೆ.