ಕೆಪಿಸಿ-3 ಪ್ಲಸ್: ಪ್ಯಾಕೆಟ್ ಕೇಳೋಕೆ ಒಳ್ಳೆಯ ಟಿಎನ್‌ಸಿ

ಬಾಹ್ಯಾಕಾಶ ನಿಲ್ದಾಣ ಮೈಸೂರಿನ ಮೇಲೆ ಹಾದುಹೋಗುವಾಗ 145.825 ಮೆಗಾಹರ್ಟ್ಸ್‌ನಲ್ಲಿ ಬರುವ ಪ್ಯಾಕೆಟ್‌ಗಳನ್ನು, ಅಂದರೆ ರೇಡಿಯೋದಲ್ಲಿ ತುಣುಕುಗಳಾಗಿ ಬರುವ ಅಕ್ಷರ ಸಂದೇಶಗಳನ್ನು, ಓದಬೇಕು ಎಂಬುದು ನನ್ನ ಬಹಳ ದಿನಗಳ ಆಸೆ. ಅದಕ್ಕಾಗಿಯೇ ಹಿರಿಯ ಹ್ಯಾಮ್ (ಹವ್ಯಾಸಿ ರೇಡಿಯೋದವರು) ಒಬ್ಬರಿಂದ ಕ್ಯಾಂಟ್ರಾನಿಕ್ಸ್ ಕಂಪನಿಯ ಈ ಟಿಎನ್‌ಸಿಯನ್ನು (ಟರ್ಮಿನಲ್ ನೋಡ್ ಕಂಟ್ರೋಲರ್ ಎಂಬ ಪೆಟ್ಟಿಗೆ) ಸೆಕೆಂಡ್ ಹ್ಯಾಂಡ್ ಕೊಂಡೆ. ರೇಡಿಯೋದಲ್ಲಿ ಬರುವ ಕಿರ್‍ರ್ ಎಂಬ ಸದ್ದನ್ನು ಅಕ್ಷರ ಮಾಡಿ ಕಂಪ್ಯೂಟರಿಗೆ ಕೊಡುವುದು ಇದರ ಕೆಲಸ.

ಹೊಸಬರು ಗೊಂದಲ ಮಾಡಿಕೊಳ್ಳುವುದು ಬಾಡ್ ರೇಟ್, ಅಂದರೆ ಡೇಟಾ ಸಾಗುವ ವೇಗದ ವಿಷಯದಲ್ಲಿ. ಇಲ್ಲಿ ಎರಡು ವೇಗಗಳಿವೆ. ಕಂಪ್ಯೂಟರ್ ಮತ್ತು ಪೆಟ್ಟಿಗೆಯ ನಡುವಿನದು ಒಂದು, ಗಾಳಿಯಲ್ಲಿ ಹೋಗುವುದು ಇನ್ನೊಂದು. ಮೊದಲ ಸಲ ಆನ್ ಮಾಡಿದಾಗ ಇದು ಬೇರೆ ಬೇರೆ ವೇಗದಲ್ಲಿ ಒಂದೇ ಸಂದೇಶ ಕಳಿಸುತ್ತಾ ಹೋಗುತ್ತದೆ. ಅಕ್ಷರ ಸರಿಯಾಗಿ ಕಂಡ ಕೂಡಲೇ ನಕ್ಷತ್ರದ ಕೀ ಒತ್ತಿ, ಆಮೇಲೆ ಕಾಲ್‌ಸೈನ್ (ರೇಡಿಯೋ ಸ್ಟೇಷನ್ನಿನ ಗುರುತಿನ ಹೆಸರು) ಕೊಡಬೇಕು. ಎಷ್ಟು ಸಲೀಸು ನೋಡಿ! ಮುಂದೆ ಬದಲಿಸಬೇಕಾದರೆ 'ಎಬಾಡ್ 9600' ಎಂದು ಕೊಟ್ಟು ರಿಸೆಟ್ ಮಾಡಿ, ಟರ್ಮಿನಲ್ ಪ್ರೋಗ್ರಾಮನ್ನೂ (ಪೆಟ್ಟಿಗೆಯ ಜೊತೆ ಮಾತಾಡುವ ಕಂಪ್ಯೂಟರ್ ಸಾಫ್ಟ್‌ವೇರ್) 9600ಕ್ಕೆ ತನ್ನಿ. ಇದರಿಂದ ಗಾಳಿಯ ವೇಗ ಹೆಚ್ಚುವುದಿಲ್ಲ. ಅದು 1200ರಲ್ಲೇ ಇರುತ್ತದೆ, ನಿಲ್ದಾಣದ ಪ್ಯಾಕೆಟ್‌ಗೆ ಬೇಕಾದದ್ದೂ ಅದೇ.

ನನಗೆ ಬೇಸರ ತಂದದ್ದು ನ್ಯೂಯೂಸರ್ ಎಂಬ ಮೋಡ್. ಅದರಲ್ಲಿ ಕೆಲವೇ ಕಮಾಂಡ್‌ಗಳು ಸಿಗುತ್ತವೆ. 'ಇಂಟ್‌ಫೇಸ್ ಟರ್ಮಿನಲ್' ಕೊಟ್ಟ ಮೇಲೆ ಪೂರ್ತಿ ಪಟ್ಟಿ ತೆರೆಯುತ್ತದೆ. ಪರದೆ ಓದಲು ಹಿತವಾಗಬೇಕೆಂದರೆ ಎರಡು ಆನ್ ಮಾಡಿ. 'ಹೆಡರ್‌ಎಲ್‌ಎನ್' ಕಳಿಸಿದವರ ವಿವರವನ್ನು ಒಂದು ಸಾಲಿನಲ್ಲಿ, ಸಂದೇಶವನ್ನು ಅದರ ಕೆಳಗೆ ತೋರಿಸುತ್ತದೆ. 'ಎಂಸ್ಟ್ಯಾಂಪ್' ಸಮಯ ಹಾಕುತ್ತದೆ, ಆದರೆ ಮೊದಲು 'ಡೇಟೈಮ್'ನಲ್ಲಿ ಗಡಿಯಾರ ಹೊಂದಿಸಿರಬೇಕು. ನಿಲ್ದಾಣದ ಒಂದು ಪಾಸ್ (ಒಮ್ಮೆ ಹಾದುಹೋಗುವುದು) ಸುಮಾರು ಹತ್ತು ನಿಮಿಷದಲ್ಲಿ ಮುಗಿಯುತ್ತದೆ, ಯಾವ ಪ್ಯಾಕೆಟ್ ಯಾವಾಗ ಬಂತು ಅನ್ನೋದು ಆಮೇಲೆ ನೋಡಲು ಬೇಕೇ ಬೇಕು ಅಲ್ವಾ? ಕಾಲ್‌ಸೈನ್ ಆದ ಮೇಲೆ ನಕ್ಷತ್ರ ಕಂಡರೆ ಆ ಸ್ಟೇಷನ್ ಪ್ಯಾಕೆಟ್ಟನ್ನು ಮರುಪ್ರಸಾರ ಮಾಡಿದೆ ಎಂದರ್ಥ. ನಿಲ್ದಾಣದ ಕಾಲ್‌ಸೈನ್ ಆರ್‌ಎಸ್‌0ಐಎಸ್‌ಎಸ್ ಪಕ್ಕದಲ್ಲಿ ಅದನ್ನು ನೋಡಿದಾಗ ಆಗುವ ಖುಷಿಯೇ ಬೇರೆ.

ನಾನು ತುಂಬಾ ಮೆಚ್ಚಿದ್ದು 'ಸಿಡಿ ಸಾಫ್ಟ್‌ವೇರ್' ಎಂಬ ಕಮಾಂಡ್. ಇಲ್ಲಿ ಸಿಡಿ ಎಂದರೆ ಕ್ಯಾರಿಯರ್ ಡಿಟೆಕ್ಟ್, ಸಿಗ್ನಲ್ ಇದೆಯೇ ಎಂದು ಗುರುತಿಸುವುದು. ಇದನ್ನು ಹಾಕಿದರೆ ಸ್ಕ್ವೆಲ್ಚ್ (ಸಿಗ್ನಲ್ ಇಲ್ಲದಾಗ ರೇಡಿಯೋದ ಸದ್ದು ಅಡಗಿಸುವ ವ್ಯವಸ್ಥೆ) ಪೂರ್ತಿ ತೆರೆದಿಡಬಹುದು. ಬರೀ ಗೊರಗೊರ ಸದ್ದನ್ನು ಅದು ಸಿಗ್ನಲ್ ಎಂದು ಎಣಿಸುವುದಿಲ್ಲ. ದಿಗಂತದ ಹತ್ತಿರದ ದುರ್ಬಲ ಸಿಗ್ನಲ್‌ಗೆ ಇದು ಬಹಳ ಮುಖ್ಯ. ಲೈಸೆನ್ಸ್ ಇದ್ದು ನೀವೂ ಕಳಿಸುವುದಾದರೆ 'ಟಿಎಕ್ಸ್‌ಡಿಲೇ' (ಡೇಟಾ ಕಳಿಸುವ ಮುನ್ನ ಕಾಯುವ ಸಮಯ) ನೋಡಿಕೊಳ್ಳಿ. 30 ಎಂದರೆ 300 ಮಿಲಿಸೆಕೆಂಡ್. ರೇಡಿಯೋ ನಿಧಾನವಾಗಿ ಟ್ರಾನ್ಸ್‌ಮಿಟ್‌ಗೆ ತಿರುಗಿದರೆ ಸ್ವಲ್ಪ ಹೆಚ್ಚಿಸಿ.

ಗಾಳಿಯಲ್ಲೇ 9600 ಬೇಕೆನ್ನುವವರು ಕೆಪಿಸಿ-9612 ಎಂಬ ಟಿಎನ್‌ಸಿ ಹುಡುಕಬೇಕು. ದುಡ್ಡು ಖರ್ಚು ಮಾಡಲು ಇಷ್ಟವಿಲ್ಲದವರಿಗೆ ಡೈರ್ ವುಲ್ಫ್ ಎಂಬ ಉಚಿತ ಸಾಫ್ಟ್‌ವೇರ್ ಸೌಂಡ್ ಕಾರ್ಡಿನಲ್ಲೇ ಇದೇ ಕೆಲಸ ಮಾಡುತ್ತದೆ. ಆದರೂ ಆಡಿಯೋ ಸೆಟ್ಟಿಂಗ್ ಜೊತೆ ಗುದ್ದಾಡದೆ ಕೂತು ಕೇಳಲು ನಾನು ಈ ಪೆಟ್ಟಿಗೆಯನ್ನೇ ಆರಿಸುತ್ತೇನೆ.

ಕೊಳ್ಳುವಾಗ ಕೇಬಲ್ ಜೊತೆಗೇ ಕೇಳಿ. ಕಂಪ್ಯೂಟರ್ ಕಡೆಯ ಸಾಕೆಟ್ 25 ಪಿನ್‌ನದು. 9 ಪಿನ್‌ನದು ರೇಡಿಯೋಗೆ, ಅಲ್ಲಿ ಕಂಪ್ಯೂಟರ್ ಕೇಬಲ್ ಚುಚ್ಚಬೇಡಿ.